ಜೂನಿಯರ್ ರ‍್ಯಾಂಕಿಂಗ್ ಇಲ್ಲದೆ ವೃತ್ತಿಪರ ಟೆನಿಸ್ ಆಟಗಾರನಾಗಬಹುದೇ?

ಬೆಳಗಾವಿಯ ತಂದೆಯೊಬ್ಬರು, ಟೆನಿಸ್ ಆಡುವ 13 ವರ್ಷದ ಮಗನಿಗೆ ಹೇಳಿಕೊಳ್ಳುವಂಥ ಜೂನಿಯರ್ ರ‍್ಯಾಂಕಿಂಗ್ ಇಲ್ಲ, ಕಾಲ ಮೀರಿತೇ ಎಂದು ಕೇಳಿದ್ದಾರೆ. ಮೀರಿಲ್ಲ ಎನ್ನಲು ಇಂದು ವಿಶ್ವದ ಅಗ್ರ ಆಟಗಾರರಲ್ಲೊಬ್ಬರಾದ ಇಟಲಿಯ ಯಾನಿಕ್ ಸಿನ್ನರ್ ಅವರ ಆರಂಭದ ವರ್ಷಗಳೇ ಸಾಕು.

2001ರಲ್ಲಿ ಹುಟ್ಟಿ, ಆಲ್ಪ್ಸ್ ಪರ್ವತಗಳ ನಡುವಣ ಸೆಸ್ಟೊ ಎಂಬ ಊರಿನಲ್ಲಿ ಬೆಳೆದ ಸಿನ್ನರ್ ಬಾಲ್ಯದಲ್ಲಿ ಹೆಸರು ಮಾಡಿದ್ದು ಟೆನಿಸ್‌ನಲ್ಲಲ್ಲ, ಸ್ಕೀಯಿಂಗ್‌ನಲ್ಲಿ. ಸುಮಾರು 13ನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು, ಮನೆಯಿಂದ ದೂರ, ಸಮುದ್ರತೀರದ ಬೋರ್ಡಿಗೇರಾದಲ್ಲಿದ್ದ ಟೆನಿಸ್ ಕೋಚ್ ರಿಕಾರ್ಡೊ ಪಿಯಾಟಿ ಅವರ ಅಕಾಡೆಮಿಯನ್ನು ಸೇರಿದರು. ಜೂನಿಯರ್ ಅಂಕಗಳ ಬೆನ್ನು ಹತ್ತದೆ, ಬೇಗನೆ ಹಿರಿಯರ ಕೆಳಹಂತದ ಟೂರ್ನಿಗಳಿಗೆ ಇಳಿದರು. 2019ರ ಫೆಬ್ರವರಿಯಲ್ಲಿ, ರ‍್ಯಾಂಕಿಂಗ್ ಇನ್ನೂ 500ರ ಆಚೆಗಿದ್ದಾಗ, ವೈಲ್ಡ್ ಕಾರ್ಡ್ (ರ‍್ಯಾಂಕಿಂಗ್ ಸಾಲದಿದ್ದರೂ ಸಂಘಟಕರು ಕೊಡುವ ನೇರ ಪ್ರವೇಶ) ಪಡೆದು, ಎಟಿಪಿ ಟೂರ್‌ಗಿಂತ ಒಂದು ಹಂತ ಕೆಳಗಿನ ಬೆರ್ಗಾಮೊ ಚಾಲೆಂಜರ್ ಟೂರ್ನಿ ಗೆದ್ದರು. ಎಟಿಪಿ ಟೂರ್ ಎಂದರೆ ಪುರುಷರ ವೃತ್ತಿಪರ ಟೆನಿಸ್‌ನ ಉನ್ನತ ಸರಣಿ. ಅದೇ ನವೆಂಬರ್‌ನಲ್ಲಿ ಮಿಲಾನ್‌ನ ನೆಕ್ಸ್ಟ್ ಜೆನ್ ಫೈನಲ್ಸ್ (21 ವರ್ಷ ಮೀರದ ಅಗ್ರ ಆಟಗಾರರ ಟೂರ್ನಿ) ಪ್ರಶಸ್ತಿಯೂ ಅವರ ಪಾಲಾಯಿತು. ವರ್ಷ ಮುಗಿಯುವಷ್ಟರಲ್ಲಿ ಅವರು ಮೊದಲ 100ರೊಳಗಿದ್ದರು. 2020ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಮೊದಲ ಎಟಿಪಿ ಪ್ರಶಸ್ತಿ ಬಂತು.

ಆದರೆ ಪ್ರತಿಭೆಯೊಂದನ್ನೇ ನೋಡಿ ಲೆಕ್ಕ ಹಾಕಬಾರದು. ಇಟಲಿಯಲ್ಲಿ ಇಂಥ ಟೂರ್ನಿಗಳು ಹೇರಳವಾಗಿ ನಡೆಯುವುದರಿಂದ ಅಲ್ಲಿನ ಹುಡುಗರಿಗೆ ವೈಲ್ಡ್ ಕಾರ್ಡೂ ಸಿಗುತ್ತದೆ, ಪ್ರಯಾಣದ ಖರ್ಚೂ ಉಳಿಯುತ್ತದೆ. ನಮ್ಮ ಕಡೆ ಅವು ಅಪರೂಪ. 2023ರಲ್ಲಿ ಧಾರವಾಡದಲ್ಲಿ 25,000 ಡಾಲರ್ ಬಹುಮಾನದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿ ನಡೆದಿತ್ತು. ಬೆಳಗಾವಿಯಿಂದ ಅದು ಹೆಚ್ಚೆಂದರೆ ಎರಡು ತಾಸಿನ ಹಾದಿ. 14 ತುಂಬುವ ತನಕ ಇವುಗಳಲ್ಲಿ ಆಡಲು ಅವಕಾಶವಿಲ್ಲದ ಕಾರಣ, ಹತ್ತಿರದಲ್ಲಿ ಮತ್ತೊಂದು ನಡೆದರೆ ಮಗನಿಗೆ ಫೈನಲ್‌ಗಿಂತ ಮೊದಲು ಕೆಳ ರ‍್ಯಾಂಕಿಂಗ್‌ನವರು ಮುಖ್ಯ ಸುತ್ತಿಗೆ ಬರಲು ಆಡುವ ಅರ್ಹತಾ ಸುತ್ತಿನ ಪಂದ್ಯಗಳನ್ನು ತೋರಿಸಿರಿ.