ಧರ್ಮ ಎಂದರೇನು, ನಂಬಿಕೆ ಹೋದವರಿಗೂ ಅದರಲ್ಲಿ ಜಾಗವಿದೆಯೇ?

ಧರ್ಮ ಎಂದರೆ ನಿಜವಾಗಿ ಏನು, ಕಾನೂನೂ ವಿಜ್ಞಾನವೂ ಇರುವ ಈ ಕಾಲದಲ್ಲಿ ಸಮಾಜಕ್ಕೆ ಅದರಿಂದ ಆಗಬೇಕಾದದ್ದು ಏನಾದರೂ ಉಳಿದಿದೆಯೇ, ದೇವರಲ್ಲಿ ನಂಬಿಕೆ ಹೋದ ಮೇಲೂ ಮನೆಯ ಹಿರಿಯರೊಂದಿಗೆ ಪ್ರಾರ್ಥನೆಗೆ ಕೂರುವುದು ಕಪಟವಾಗುತ್ತದೆಯೇ ಎಂದು ಕೇಳಿದ್ದೀರಿ. ಮೂರನೆಯ ಪ್ರಶ್ನೆಯೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ನನಗೆ ತೋರುತ್ತದೆ. ಅದರ ಉತ್ತರ ಮೊದಲ ಎರಡರೊಳಗೆ ಇರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

'ಧರ್ಮ' ಎಂಬ ಮಾತು ಸಂಸ್ಕೃತದ 'ಧೃ' ಧಾತುವಿನಿಂದ ಬಂದದ್ದು. ಧರಿಸು, ಹಿಡಿದಿಡು ಎಂಬುದು ಅದರ ಅರ್ಥ. ಆದ್ದರಿಂದಲೇ ಕನ್ನಡದಲ್ಲಿ ಈ ಒಂದು ಪದ ಕರ್ತವ್ಯಕ್ಕೂ, ನ್ಯಾಯಕ್ಕೂ, ದಾನಕ್ಕೂ, ವಸ್ತುವಿನ ಸಹಜ ಗುಣಕ್ಕೂ ಸಲ್ಲುತ್ತದೆ. 'ಮತ' ಎಂದರೆ ಒಪ್ಪಿಕೊಂಡ ನಿಲುವು. ಚುನಾವಣೆಯಲ್ಲಿ ಹಾಕುವುದಕ್ಕೂ ನಾವು ಅದೇ ಪದವನ್ನು ಬಳಸುತ್ತೇವೆ. ಇಂಗ್ಲಿಷಿನ 'ರಿಲಿಜನ್' ಹುಟ್ಟಿದ ಲ್ಯಾಟಿನ್ ಪದವನ್ನು ರೋಮಿನ ಸಿಸೆರೊ 'ಮತ್ತೆ ಮತ್ತೆ ಗಮನವಿಟ್ಟು ಓದಿಕೊಳ್ಳುವುದು' ಎಂಬ ಅರ್ಥದಿಂದ ಬಿಡಿಸಿದರೆ, ಅವನಿಗಿಂತ ಸುಮಾರು ಮೂರೂವರೆ ಶತಮಾನಗಳಷ್ಟು ಈಚಿನ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ 'ಕಟ್ಟುವುದು' ಎಂಬ ಅರ್ಥದಿಂದ ಬಿಡಿಸಿದ. ಹಿಡಿದಿಡುವುದು, ಮರಳಿ ಮರಳಿ ಮಾಡುವುದು, ಕಟ್ಟುವುದು: ದೇವರು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಈ ಯಾವ ಅರ್ಥವೂ ಮುಂದೆ ಇಡುವುದಿಲ್ಲ. ಸೃಷ್ಟಿಕರ್ತನಾದ ದೇವರನ್ನು ಒಪ್ಪದ ಜೈನ, ಬೌದ್ಧ ಮಾರ್ಗಗಳನ್ನೂ ನಾವು ಧರ್ಮಗಳೆಂದೇ ಕರೆಯುತ್ತೇವೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲಿ ಕೊಟ್ಟ ವಿವರಣೆಯೂ ಇದೇ ದಿಕ್ಕಿನದು. ಕೆಲವನ್ನು ಪವಿತ್ರವೆಂದು ಬೇರೆಯಾಗಿ ಇರಿಸುವ ನಂಬಿಕೆಗಳೂ ಆಚರಣೆಗಳೂ ಸೇರಿ, ಅವುಗಳನ್ನು ಪಾಲಿಸುವವರನ್ನು ಒಂದೇ ನೈತಿಕ ಸಮುದಾಯವನ್ನಾಗಿ ಮಾಡುವುದೇ ಧರ್ಮ ಎಂದು ಆತ ಹೇಳಿದ. ಇದು ಎಷ್ಟು ಹಳೆಯ ಕೆಲಸ ಎಂಬುದಕ್ಕೆ ಟರ್ಕಿಯ ಗೊಬೆಕ್ಲಿ ಟೆಪೆಯನ್ನು ನೋಡಬಹುದು. ಸುಮಾರು 11,000 ವರ್ಷಗಳ ಹಿಂದೆ, ಬೇಸಾಯವನ್ನು ಇನ್ನೂ ನೆಚ್ಚಿಕೊಳ್ಳದೆ ಬೇಟೆಯಾಡಿ, ಕಾಡಿನ ಕಾಳು ಆಯ್ದು ಬದುಕುತ್ತಿದ್ದ ಜನ ಅಲ್ಲಿ ಐದು ಮೀಟರಿಗೂ ಎತ್ತರದ ಕಲ್ಲುಕಂಬಗಳನ್ನು ಕಡೆದು, ಮೈಮೇಲೆ ಪ್ರಾಣಿಗಳನ್ನು ಕೆತ್ತಿ, ವೃತ್ತಾಕಾರದಲ್ಲಿ ನಿಲ್ಲಿಸಿದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯಲು ಬರಹವಿಲ್ಲ, ಆದರೆ ಒಂದು ಕುಟುಂಬದಿಂದ ಆಗದ ಆ ಕೆಲಸಕ್ಕೆ ಅನೇಕರು ಕೂಡಿ ಬಂದಿರಲೇಬೇಕು.

ಇದನ್ನು ನಾನು ಪುಸ್ತಕದಿಂದ ತಿಳಿದದ್ದಕ್ಕಿಂತ ತಾಯಿ ತೀರಿಕೊಂಡಾಗ ಹೆಚ್ಚು ತಿಳಿದೆ. ವೈದ್ಯರು ಸಾವಿನ ಕಾರಣವನ್ನು ಸ್ಪಷ್ಟವಾಗಿ ಹೇಳಿದರು, ಕಾನೂನು ಯಾವ ಕಾಗದಕ್ಕೆ ಯಾರು ಸಹಿ ಹಾಕಬೇಕೆಂದು ಹೇಳಿತು. ಮರುದಿನ ಬೆಳಗ್ಗೆ ಎದ್ದು ಏನು ಮಾಡಬೇಕೆಂದು ಮಾತ್ರ ಇಬ್ಬರೂ ಹೇಳಲಿಲ್ಲ. ಅದನ್ನು ಹೇಳಿದ್ದು ಅಮ್ಮ ನಂಬಿದ್ದ ಧರ್ಮ: ಯಾವಾಗ ಕೂರಬೇಕು, ಯಾವ ಮಾತು ಹೇಳಬೇಕು, ಯಾವ ದಿನ ಮತ್ತೆ ಕೆಲಸಕ್ಕೆ ಹೋಗಬೇಕು ಎಂಬುದೆಲ್ಲ ನನಗಿಂತ ಮೊದಲೇ ಸಿದ್ಧವಾಗಿತ್ತು. ಆ ಮಾತುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ, ಆದರೂ ಅವು ನನ್ನನ್ನು ಹಿಡಿದು ನಿಲ್ಲಿಸಿದವು, ಏಕೆಂದರೆ ಅವನ್ನು ನನ್ನೊಂದಿಗೆ ಬೇರೆಯವರೂ ಹೇಳುತ್ತಿದ್ದರು.

ಹೀಗೆ ಕಟ್ಟುವ ಶಕ್ತಿಗೆ ತಾನು ಏನನ್ನು ಕಟ್ಟುತ್ತಿದ್ದೇನೆ ಎಂಬ ವಿವೇಕ ತಾನಾಗಿ ಬರುವುದಿಲ್ಲ ಎಂಬುದನ್ನೂ ಅಷ್ಟೇ ಗಂಭೀರವಾಗಿ ಹೇಳಬೇಕು. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಚರ್ಚಿನ ಕಥೆ ನನಗೆ ಈ ವಿಷಯದಲ್ಲಿ ದೊಡ್ಡ ಪಾಠ. ಬೇರೆ ಬಣ್ಣದವರೊಂದಿಗೆ ಒಟ್ಟಿಗೆ ಆರಾಧಿಸಲು ಕೆಲವು ಬಿಳಿಯರು ಒಪ್ಪದಿದ್ದಾಗ ಆ ಚರ್ಚಿನ ಮಹಾಸಭೆ 1857ರಲ್ಲಿ, ಕೂಡಿ ಆರಾಧಿಸುವುದೇ ಶಾಸ್ತ್ರಸಮ್ಮತವೆಂದು ಒಪ್ಪಿಕೊಳ್ಳುತ್ತಲೇ, 'ಕೆಲವರ ದೌರ್ಬಲ್ಯದ' ಕಾರಣ ಪ್ರತ್ಯೇಕವಾಗಿ ಸೇರಬಹುದೆಂದು ಅವಕಾಶ ಕೊಟ್ಟಿತು. ದೌರ್ಬಲ್ಯಕ್ಕೆ ಕೊಟ್ಟ ರಿಯಾಯಿತಿ ಕ್ರಮೇಣ ಪದ್ಧತಿಯಾಯಿತು, 1881ರಲ್ಲಿ ಪ್ರತ್ಯೇಕ ಚರ್ಚೇ ಆಯಿತು, ಇಪ್ಪತ್ತನೆಯ ಶತಮಾನದಲ್ಲಿ ವರ್ಣಭೇದ ನೀತಿಗೆ ದೈವಸಮ್ಮತಿ ಇದೆಯೆಂದು ಸಾಧಿಸುವ ಸಿದ್ಧಾಂತವಾಗಿ ಬೆಳೆಯಿತು. ಅನ್ಯಾಯಕ್ಕೆ ಪಾವಿತ್ರ್ಯದ ಹೊದಿಕೆ ಬಿದ್ದ ಮೇಲೆ ಅದನ್ನು ಪ್ರಶ್ನಿಸುವವನು ನೆರೆಯವನನ್ನಷ್ಟೇ ಅಲ್ಲದೆ ದೇವರನ್ನೂ ಎದುರು ಹಾಕಿಕೊಂಡಂತೆ ಕಾಣುತ್ತಾನೆ. ಧರ್ಮದ ಹೆಸರಿನ ಅನ್ಯಾಯ ಬೇರೆ ಅನ್ಯಾಯಗಳಿಗಿಂತ ಗಟ್ಟಿಯಾಗಿ ಬೇರೂರುವುದು ಇದರಿಂದಲೇ.

ಆದರೆ ಅದನ್ನು ಅಲುಗಾಡಿಸಿದವರಲ್ಲಿ ಅದೇ ಪರಂಪರೆಯವರೂ ಇದ್ದರು. ಆ ಚರ್ಚಿನ ಪಾದ್ರಿಯಾಗಿದ್ದ ಬೇಯರ್ಸ್ ನೌಡೆ 1963ರಲ್ಲಿ ತಮ್ಮ ಪೀಠವನ್ನು ಬಿಟ್ಟು ಹೊರಬಂದರು. ಸರ್ಕಾರ 1977ರಿಂದ ಏಳು ವರ್ಷ ಅವರ ಮೇಲೆ ನಿರ್ಬಂಧ ಹೇರಿತು. 1982ರಲ್ಲಿ ರಿಫಾರ್ಮ್ಡ್ ಚರ್ಚುಗಳ ವಿಶ್ವ ಒಕ್ಕೂಟವು ಒಟ್ಟಾವದಲ್ಲಿ ಸಭೆ ಸೇರಿ, ವರ್ಣಭೇದಕ್ಕೆ ಧಾರ್ಮಿಕ ಸಮರ್ಥನೆ ಕೊಡುವುದು ಧರ್ಮವಿರೋಧ ಎಂದು ಘೋಷಿಸಿತು. ಇವರೆಲ್ಲ ಓದುತ್ತಿದ್ದುದು ಒಂದೇ ಗ್ರಂಥ. ಆದ್ದರಿಂದ ಗ್ರಂಥದಲ್ಲಿ ಏನಿದೆ ಎಂಬುದೊಂದರಿಂದಲೇ ಒಂದು ಧರ್ಮದ ಸಾಮಾಜಿಕ ಪಾತ್ರವನ್ನು ಅಳೆಯಲು ಸಾಧ್ಯವಿಲ್ಲವೆಂದು ನಾನು ತಿಳಿದಿದ್ದೇನೆ. ಒಳಗೆ ಇರುವವನು 'ಇದು ತಪ್ಪು' ಎಂದಾಗ ಆ ಸಮುದಾಯ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಧರ್ಮ ಜನರ ಅಫೀಮು ಎಂಬ ಮಾರ್ಕ್ಸನ ಮಾತನ್ನು ಎಲ್ಲರೂ ಬಲ್ಲರು. ಅದೇ ಜಾಗದಲ್ಲಿ ಆತ ಅದನ್ನು ತುಳಿತಕ್ಕೊಳಗಾದ ಜೀವಿಯ ನಿಟ್ಟುಸಿರು, ಹೃದಯವಿಲ್ಲದ ಜಗತ್ತಿನ ಹೃದಯ ಎಂದೂ ಕರೆದದ್ದನ್ನು ಬಿಟ್ಟು ಹೇಳುವುದು ಸರಿಯಲ್ಲ.

ಧರ್ಮವಿಲ್ಲದೆ ನೀತಿ ಉಳಿಯುವುದೇ ಎಂಬ ಸಂದೇಹ ನಿಮ್ಮ ಎರಡನೆಯ ಪ್ರಶ್ನೆಯ ಹಿಂದೆ ಇರಬಹುದು. ಉಳಿಯುತ್ತದೆ. ನಿಯಮಿತವಾಗಿ ಆರಾಧನೆಗೆ ಹೋಗುವವರು ತೀರ ಕಡಿಮೆಯಿರುವ ಡೆನ್ಮಾರ್ಕ್, ಸ್ವೀಡನ್‌ಗಳು ಪ್ರಾಮಾಣಿಕ ಆಡಳಿತಕ್ಕೆ ಹೆಸರಾಗಿವೆ. ಆದರೆ ಒಟ್ಟಾಗಿ ಸೇರುವ, ಕಾಲವನ್ನು ವಿಂಗಡಿಸಿಕೊಳ್ಳುವ, ಸಾವಿಗೆ ಎದುರಾಗಿ ಒಂದೇ ಮಾತನ್ನು ಹೇಳುವ ಅಗತ್ಯ ಧರ್ಮದೊಂದಿಗೆ ಹೋಗಿಬಿಡುವುದಿಲ್ಲ. ಚರ್ಚಿನ ಹಿಡಿತವನ್ನು ಕಿತ್ತುಹಾಕಲು ಹೊರಟ ಫ್ರೆಂಚ್ ಕ್ರಾಂತಿಕಾರಿಗಳು 1793ರಲ್ಲಿ ಹತ್ತು ದಿನಗಳ ವಾರವಿದ್ದ ಹೊಸ ಪಂಚಾಂಗವನ್ನು ತಂದರು, ಅದೇ ವರ್ಷ ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನಲ್ಲಿ ವಿವೇಕದೇವಿಯ ಉತ್ಸವ ನಡೆಸಿದರು, 1794ರ ಜೂನ್‌ನಲ್ಲಿ 'ಪರಮ ಸತ್ತೆ' ಎಂದು ಕರೆದ ದೈವದ ಹಬ್ಬವನ್ನೂ ಮಾಡಿದರು. ದೇವಾಲಯ ತೆರವಾದಾಗ ಆ ಜಾಗಕ್ಕೆ ರಾಷ್ಟ್ರವೋ ಪಕ್ಷವೋ ನಾಯಕನೋ ಬಂದು ಕೂರುವುದನ್ನು ಆನಂತರದ ಇತಿಹಾಸವೂ ಕಂಡಿದೆ, ಮತ್ತು ಹಾಗೆ ಕೂತವರು ಧರ್ಮಪೀಠಗಳಿಗಿಂತ ಹೆಚ್ಚು ಕರುಣೆ ತೋರಿಸಲಿಲ್ಲ.

ಆದುದರಿಂದ ಸಮಾಜಕ್ಕೆ ಧರ್ಮ ಬೇಕೇ ಬೇಡವೇ ಎಂದು ವಾದಿಸುವುದಕ್ಕಿಂತ, ಕಟ್ಟಿನೊಳಗೆ ಇರುವವರಿಗೆ ಅದನ್ನು ಸಡಿಲಿಸಿಕೊಳ್ಳುವ ಹಕ್ಕು ಇದೆಯೇ ಎಂದು ಕೇಳುವುದು ನನಗೆ ಮುಖ್ಯವಾಗಿ ಕಾಣುತ್ತದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೆಯ ವಿಧಿಯು ಧರ್ಮವನ್ನು ಆಚರಿಸುವ ಸ್ವಾತಂತ್ರ್ಯದೊಂದಿಗೆ ಅದನ್ನು ಬದಲಾಯಿಸುವ ಸ್ವಾತಂತ್ರ್ಯವನ್ನೂ ಹೆಸರಿಸುತ್ತದೆ. ಬಿಟ್ಟುಹೋಗಲು ಬಿಡದ ಕಡೆ ಉಳಿದುಕೊಂಡವರ ಭಕ್ತಿ ಎಷ್ಟು ನಿಜ, ಎಷ್ಟು ಭಯ ಎಂದು ಅವರಿಗೇ ತಿಳಿಯದೆ ಹೋಗುತ್ತದೆ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ನಂಬುವುದಾಗಿ ಸುಳ್ಳು ಹೇಳಿ, ಅದರಿಂದ ಅಧಿಕಾರವನ್ನೋ ಗೌರವವನ್ನೋ ಪಡೆದರೆ ಅದು ಕಪಟ. ನಿಮ್ಮ ಹಿರಿಯರಿಗೆ ನಿಮ್ಮ ಮನಸ್ಸು ತಿಳಿದಿದ್ದು, ಆದರೂ ಅವರು ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಬಯಸಿದರೆ, ನೀವು ಕೂರುವುದರಲ್ಲಿ ಸುಳ್ಳೇನೂ ಇಲ್ಲ. ತಿಳಿಯದಿದ್ದರೆ, ಸಮಯ ನೋಡಿ ಮೊದಲು ಅವರಿಗೆ ತಿಳಿಸಿ. ನಾನು ಅಮ್ಮನಿಗೆ ಅದನ್ನು ಹೇಳಲು ಬಹಳ ವರ್ಷ ತೆಗೆದುಕೊಂಡೆ. ಹೇಳಿದ ಸಂಜೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಂದಿನಂತೆ ನನಗೂ ಜಾಗ ಬಿಟ್ಟು ಕೂತರು.