ಕಾರ್ತಿಕ ಮುಗಿದ ಮೇಲೆ ಕಾರ್ತಿಕ ದೀಪ!

ಹೋದ ಸಂಚಿಕೆಯಲ್ಲಿ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ಬೆಟ್ಟದ ತುದಿಗೆ ಹಚ್ಚುವ ಕಾರ್ತಿಕ ದೀಪದ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಅದರದ್ದೇ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಹುಣ್ಣಿಮೆ ಬಂದರೆ ಗಿರಿ ಸುತ್ತಲು ಹೊರಡುವುದು ಹೊಸದೇನಲ್ಲ, ಆದರೆ ಇಷ್ಟೊಂದು ಪ್ರಶ್ನೆ ಇಟ್ಟುಕೊಂಡು ಸುತ್ತುತ್ತಿದ್ದೀರಿ ಅಂತ ಗೊತ್ತಿರಲಿಲ್ಲ. ಆರಿಸಿದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ (ಚಿಂತಾಮಣಿಯಿಂದ): ಸಾರ್, 2024ರಲ್ಲಿ ಅಮ್ಮನನ್ನು ಕರ್ಕೊಂಡು ಸರಿಯಾಗಿ ಕಾರ್ತಿಕ ಹುಣ್ಣಿಮೆಗೇ ಹೋದೆವು. ಸಂಜೆ ಆರು ಗಂಟೆಯಿಂದ ಬೆಟ್ಟದ ತುದಿ ನೋಡುತ್ತಾ ನಿಂತರೆ ದೀಪವೇ ಇಲ್ಲ. ಹೂ ಮಾರುವ ಅಜ್ಜಿ ನಕ್ಕು, ‘ಮುಂದಿನ ತಿಂಗಳು ಬಾಪ್ಪಾ’ ಅಂದರು. ಕ್ಯಾಲೆಂಡರ್ ತಪ್ಪಾ, ನಾವು ತಪ್ಪಾ?

ಉತ್ತರ: ಕ್ಯಾಲೆಂಡರ್ ಸರಿಯಾಗಿಯೇ ಇದೆ, ಆದರೆ ಅದು ನಮ್ಮದು. ಅಲ್ಲಿ ದೀಪ ಹಚ್ಚುವುದು ತಮಿಳರ ಲೆಕ್ಕದಲ್ಲಿ. ನಮಗೆ ಅಮಾವಾಸ್ಯೆ ಕಳೆದ ಮರುದಿನ ಹೊಸ ತಿಂಗಳು, ಹಾಗಾಗಿ ದೀಪಾವಳಿ ಅಮಾವಾಸ್ಯೆ ಮುಗಿಯಿತು ಅಂದರೆ ಕಾರ್ತಿಕ ಬಂತು. ತಮಿಳರದ್ದು ಸೂರ್ಯನ ತಿಂಗಳು. ಸೂರ್ಯ ವೃಶ್ಚಿಕ ರಾಶಿಗೆ ಕಾಲಿಟ್ಟ ಮೇಲೆಯೇ ಅವರ ಕಾರ್ತಿಗೈ ಶುರು, ಅದು ಹೆಚ್ಚುಕಡಿಮೆ ನವೆಂಬರ್ 16ಕ್ಕೆ. ಆ ತಿಂಗಳಲ್ಲಿ ಹುಣ್ಣಿಮೆಯ ಆಸುಪಾಸಿನಲ್ಲಿ ಕೃತ್ತಿಕಾ ನಕ್ಷತ್ರ ಬರುವ ದಿನ ಮಹಾದೀಪ.

ಈಗ ನಿಮ್ಮ ವರ್ಷವನ್ನೇ ನೋಡಿ. 2024ರಲ್ಲಿ ನಮ್ಮ ಕಾರ್ತಿಕ ಹುಣ್ಣಿಮೆ ನವೆಂಬರ್ 15. ಅವರ ತಿಂಗಳು ಹುಟ್ಟಿದ್ದು 16ಕ್ಕೆ. ಒಂದೇ ಒಂದು ದಿನದಲ್ಲಿ ಕೈತಪ್ಪಿತು! ದೀಪ ಹಚ್ಚಿದ್ದು ಡಿಸೆಂಬರ್ 13ಕ್ಕೆ, ಅಷ್ಟು ಹೊತ್ತಿಗೆ ನಮ್ಮಲ್ಲಿ ಮಾರ್ಗಶಿರ ನಡೀತಿತ್ತು. 2025ರಲ್ಲೂ ಅದೇ ಕಥೆ, ನಮ್ಮ ಹುಣ್ಣಿಮೆ ನವೆಂಬರ್ 5, ಅವರ ದೀಪ ಡಿಸೆಂಬರ್ 3. ಕೆಲವು ವರ್ಷ ಎರಡೂ ಒಟ್ಟಿಗೇ ಬರುತ್ತವೆ, 2023ರಲ್ಲಿ ನವೆಂಬರ್ 26ಕ್ಕೆ ಬಂದ ಹಾಗೆ. ಒಂದು ಸಲ ಹಾಗೆ ಹೊಂದಿಕೊಂಡಿತು ಅಂತ ನಂಬಿ ಮುಂದಿನ ವರ್ಷ ಗೋಡೆ ಕ್ಯಾಲೆಂಡರ್ ನೋಡಿಕೊಂಡೇ ಹೊರಡುವವರು ನಿಮ್ಮೊಬ್ಬರೇ ಅಲ್ಲ, ಬೇಜಾರು ಬೇಡ. ಇನ್ನು ಮುಂದೆ ತಮಿಳು ಕ್ಯಾಲೆಂಡರ್ ಇರುವ ಮನೆಯವರನ್ನು ಒಂದು ಮಾತು ಕೇಳಿ ಹೊರಡಿ. ಚಿಂತಾಮಣಿಯಲ್ಲಿ ಸಿಗದಿದ್ದರೆ ಕೆಜಿಎಫ್‌ನಲ್ಲಿ ಬೀದಿಗೆ ಹತ್ತು ಮನೆ ಸಿಗುತ್ತವೆ.

ಪ್ರಶ್ನೆ (ಮಾಲೂರಿನಿಂದ): ನಮ್ಮ ಅತ್ತೆಗೆ ಎಪ್ಪತ್ತು ವರ್ಷ. ಸಾಯೋದರೊಳಗೆ ಅಣ್ಣಾಮಲೈ ದೀಪ ನೋಡಬೇಕು ಅಂತ ಹಟ. ಮಂಡಿ ನೋವು ಬೇರೆ. ಬೆಟ್ಟ ಹತ್ತಿಸಬೇಕಾ? ನೂಕುನುಗ್ಗಲು ನೆನೆಸಿಕೊಂಡರೆ ಭಯ ಆಗುತ್ತೆ.

ಉತ್ತರ: ತಾಯೀ, ದೀಪದ ದಿನ ಅವರನ್ನು ಕರೆದುಕೊಂಡು ಹೋಗಲೇಬೇಡಿ. ಈ ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ದೀಪ ಒಂದು ರಾತ್ರಿ ಉರಿದು ಆರಿಹೋಗುವುದಿಲ್ಲ, ಹನ್ನೊಂದು ದಿನ ಇರುತ್ತದೆ. ನಾಲ್ಕನೇ ದಿನವೋ ಐದನೇ ದಿನವೋ ಹೋಗಿ, ಊರಲ್ಲಿ ಎಲ್ಲಾದರೂ ಒಂದು ಮಹಡಿ ಮೇಲೆ ಕುರ್ಚಿ ಹಾಕಿ ಕೂರಿಸಿ. ಕತ್ತಲಾಗುತ್ತಿದ್ದ ಹಾಗೆ ಬೆಟ್ಟದ ತಲೆ ಮೇಲೆ ಬೆಂಕಿ ಕಾಣುತ್ತದೆ. ಮೊದಲ ದಿನ ಉರಿದ ದೀಪವೇ ಅದು, ಅದೇ ಕೊಪ್ಪರಿಗೆ. ಯಾರೂ ತಳ್ಳುವುದಿಲ್ಲ.

ಮೊದಲ ದಿನದ ಸೊಗಸು ಬೇರೆ, ಅದನ್ನು ಇಲ್ಲ ಅನ್ನುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಗುಡಿಯೊಳಗೆ ಭರಣಿ ದೀಪ. ಸಂಜೆ ಆರಕ್ಕೆ ಅರ್ಧನಾರೀಶ್ವರ ಮೂರ್ತಿ ಕುಣಿಯುತ್ತಾ ಹೊರಗೆ ಬಂದು ಒಂದೆರಡು ನಿಮಿಷ ಮಾತ್ರ ದರ್ಶನ ಕೊಡುತ್ತದೆ, ಆ ಹೊತ್ತಿಗೇ ಬೆಟ್ಟದ ಮೇಲೆ ದೀಪ ಹತ್ತುತ್ತದೆ. ಇಡೀ ಊರು ‘ಅರೋಗರಾ’ ಅಂತ ಕೂಗುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಗುಡಿಯೊಳಗೆ ಆಗ ಪಾಸ್ ಇದ್ದವರಿಗಷ್ಟೇ ಜಾಗ. ಉಳಿದ ಲಕ್ಷಗಟ್ಟಲೆ ಜನ ಬೀದಿಯಲ್ಲಿ ನಿಂತು ಬೆಟ್ಟ ನೋಡುತ್ತಾರೆ. ಕುಣಿಯುವ ಮೂರ್ತಿಯನ್ನು ಟಿವಿಯಲ್ಲಿ ತೋರಿಸುತ್ತಾರೆ, ಮನೆಯಲ್ಲೇ ಕೂತು ನೋಡಲಿ.

ಬೆಟ್ಟ ಹತ್ತುವ ಮಾತು ಬಿಟ್ಟೇಬಿಡಿ. ಅದು 2,600 ಅಡಿಗೂ ಎತ್ತರ. 2024ರ ಡಿಸೆಂಬರ್ 1ರಂದು ಫೆಂಗಲ್ ಚಂಡಮಾರುತದ ಮಳೆಗೆ ಅದೇ ಬೆಟ್ಟದ ಬುಡದಲ್ಲಿ ಮಣ್ಣು ಕುಸಿದು ಏಳು ಜನ ತೀರಿಕೊಂಡರು, ಅದರಲ್ಲಿ ಮಕ್ಕಳೇ ಹೆಚ್ಚು. ಆಮೇಲೆ ದೀಪದ ದಿನ ಭಕ್ತರನ್ನು ಮೇಲಕ್ಕೆ ಬಿಟ್ಟಿಲ್ಲ. ಗಿರಿ ಪ್ರದಕ್ಷಿಣೆ ಸುಮಾರು 14 ಕಿಲೋಮೀಟರ್, ಅದೂ ಬರಿಗಾಲಲ್ಲಿ. ಮಂಡಿ ನೋವಿನವರಿಗೆ ಅದೂ ಆಗದ ಮಾತು. ದೀಪದ ದಿನ ಬಿಟ್ಟು ಬೇರೆ ದಿನವಾದರೆ ಆಟೋ ಸಿಗುತ್ತದೆ, ಇಂದ್ರಲಿಂಗದಿಂದ ಈಶಾನ್ಯ ಲಿಂಗದವರೆಗೆ ದಾರಿಯ ಎಂಟೂ ಲಿಂಗಗಳ ಹತ್ತಿರ ನಿಲ್ಲಿಸಿಕೊಂಡು ಬರಬಹುದು. ಬಸ್ಸಿನ ಕುಲುಕಾಟ ಬೇಡ ಅಂದರೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ಬೇರೆ ರೈಲು ಹಿಡಿಯಿರಿ.

ಪ್ರಶ್ನೆ (ತುಮಕೂರಿನಿಂದ ಕಾಲೇಜು ವಿದ್ಯಾರ್ಥಿ): ಮೂರೂವರೆ ಸಾವಿರ ಕೆಜಿ ತುಪ್ಪ ಸುಡುತ್ತಾರಂತೆ. ಕೆಜಿಗೆ 600 ರೂಪಾಯಿ ಹಿಡಿದರೂ 21 ಲಕ್ಷ. ಇದು ದಂಡ ಅಲ್ವಾ?

ಉತ್ತರ: ಲೆಕ್ಕ ಸರಿಯಾಗಿದೆ. ತುಪ್ಪ ಸುಮಾರು ಅಷ್ಟೇ, ಬತ್ತಿಗೆ ಸಾವಿರ ಮೀಟರ್ ಬಟ್ಟೆ, ಆಳೆತ್ತರದ ತಾಮ್ರದ ಕೊಪ್ಪರಿಗೆ. ಅದಷ್ಟೂ ಹೆಗಲ ಮೇಲೆಯೇ ಮೇಲಕ್ಕೆ ಹೋಗಬೇಕು. ದೀಪ ಹಚ್ಚುವ ಹಕ್ಕು ಪರ್ವತರಾಜ ಕುಲದವರದ್ದು, ಅವರು ಮೂಲತಃ ಮೀನುಗಾರರು. ತುಪ್ಪಕ್ಕೆ ಸಾವಿರಾರು ಜನ ತಮ್ಮ ಕೈಲಾದಷ್ಟು ದುಡ್ಡು ಕೊಟ್ಟಿರುತ್ತಾರೆ, ಅದರಲ್ಲಿ ಕೂಲಿ ಮಾಡುವವರೂ ಇದ್ದಾರೆ. ಅವರ ದುಡ್ಡು, ಅವರ ದೀಪ. ನೀವು ಬಡವರಿಗೆ ಕೊಡಬಹುದಿತ್ತು ಅಂತೀರಿ, ಆದರೆ ಕೊಟ್ಟವರಲ್ಲೇ ಬಡವರಿದ್ದಾರಲ್ಲ, ಅವರಿಗೆ ಬುದ್ಧಿ ಹೇಳುವ ಧೈರ್ಯ ನನಗಿಲ್ಲ. ಕೊನೆಗೆ ಉಳಿಯುವ ಕಾಡಿಗೆಯನ್ನೂ ಎಸೆಯುವುದಿಲ್ಲ. ಆರ್ದ್ರಾ ದರ್ಶನ ಅನ್ನುವ ನಟರಾಜನ ಹಬ್ಬದ ದಿನ ಅವನ ಹಣೆಗಿಟ್ಟು ಆಮೇಲೆ ಪ್ರಸಾದವಾಗಿ ಹಂಚುತ್ತಾರೆ. ದಂಡದ ಮಾತೇ ಆಡುವುದಾದರೆ, ಆ 14 ಕಿಲೋಮೀಟರ್ ಉದ್ದಕ್ಕೂ ನಾವೆಲ್ಲ ಬಿಸಾಕಿ ಬರುವ ನೀರಿನ ಬಾಟಲಿ, ತಿಂಡಿ ತಟ್ಟೆ ಎಣಿಸಿ ಒಂದು ಪತ್ರ ಬರೆಯಿರಿ, ಖಂಡಿತ ಹಾಕುತ್ತೇನೆ.

ಪ್ರಶ್ನೆ (ಶಿರಾದಿಂದ): ಅಗ್ನಿಲಿಂಗ ಅಂದರೆ ಗರ್ಭಗುಡಿಯಲ್ಲಿ ಬೆಂಕಿ ಉರಿಯುತ್ತಾ?

ಉತ್ತರ: ಇಲ್ಲ, ಒಳಗಿರುವುದು ಕಲ್ಲಿನ ಲಿಂಗ. ಕಾಳಹಸ್ತಿಯಲ್ಲಿ ವಾಯು, ಕಂಚಿಯಲ್ಲಿ ಪೃಥ್ವಿ ಅನ್ನುವ ಹಾಗೆ ಪಂಚಭೂತಗಳಲ್ಲಿ ಬೆಂಕಿಯ ಪಾಲು ಈ ಊರಿಗೆ. ಬ್ರಹ್ಮ, ವಿಷ್ಣು ನಾನು ದೊಡ್ಡವನು ತಾನು ದೊಡ್ಡವನು ಅಂತ ಜಗಳಕ್ಕೆ ಬಿದ್ದಾಗ ಶಿವ ಬೆಂಕಿಯ ಕಂಬವಾಗಿ ನಿಂತ, ಕೇದಗೆ ಹೂವು ಸುಳ್ಳು ಸಾಕ್ಷಿ ಹೇಳಿ ಪೂಜೆಗೆ ಎರವಾಯಿತು, ಈ ಕಥೆ ನಿಮಗೂ ಗೊತ್ತಿರುತ್ತದೆ. ಆ ಕಂಬವೇ ತಣ್ಣಗಾಗಿ ಬೆಟ್ಟವಾಯಿತು ಅಂತ ನಂಬಿಕೆ. ಅಂದರೆ ಬೆಟ್ಟವೇ ಲಿಂಗ. ಅದಕ್ಕೇ ಗುಡಿ ಸುತ್ತುವುದಕ್ಕಿಂತ ಬೆಟ್ಟ ಸುತ್ತುವವರು ಜಾಸ್ತಿ.

ಪ್ರಶ್ನೆ (ಗೌರಿಬಿದನೂರಿನಿಂದ): ನಮ್ಮ ನಂದಿಯ ಭೋಗನಂದೀಶ್ವರ ಇರುವಾಗ ಕನ್ನಡದವರು ಅಷ್ಟು ದೂರ ಯಾಕೆ ಹೋಗಬೇಕು? ನಮಗೂ ಆ ಊರಿಗೂ ಏನು ಸಂಬಂಧ?

ಉತ್ತರ: ನಂದಿಗೂ ಹೋಗಿ, ಯಾರು ಬೇಡ ಅಂದರು? ಸಂಬಂಧ ಮಾತ್ರ ಹಳೆಯದು. ದೋರಸಮುದ್ರದ ಮೇಲೆ ದೆಹಲಿಯ ದಂಡು ಬಿದ್ದ ಮೇಲೆ, ಹೊಯ್ಸಳ ಮೂರನೇ ವೀರಬಲ್ಲಾಳ ತಿರುವಣ್ಣಾಮಲೈಯನ್ನೇ ರಾಜಧಾನಿ ಮಾಡಿಕೊಂಡು ಆಳಿದ. ಗುಡಿಯೊಳಗೆ ಅವನ ಹೆಸರಿನ ಗೋಪುರ ಈಗಲೂ ಇದೆ. ಅವನಿಗೆ ಮಕ್ಕಳಿರಲಿಲ್ಲವಂತೆ, ಶಿವನೇ ಮಗನಾಗಿ ಬಂದನಂತೆ. ಹಾಗಾಗಿ ಪ್ರತಿ ವರ್ಷ ಮಾಸಿ ತಿಂಗಳಲ್ಲಿ, ಅಂದರೆ ಫೆಬ್ರವರಿ-ಮಾರ್ಚ್ ಹೊತ್ತಿಗೆ, ಅಣ್ಣಾಮಲೆಯಪ್ಪ, ಅಂದರೆ ಅಲ್ಲಿಯ ಶಿವ, ಹತ್ತಿರದ ಪಳ್ಳಿಕೊಂಡಪಟ್ಟು ಊರಿನ ಹೊಳೆಗೆ ಹೋಗಿ ಬಲ್ಲಾಳನ ತಿಥಿ ಮಾಡುತ್ತಾನೆ. ದೇವರು ಒಬ್ಬ ಕನ್ನಡ ರಾಜನಿಗೆ ಎಳ್ಳುನೀರು ಬಿಡುತ್ತಾನೆ ಅಂದರೆ ಇದಕ್ಕಿಂತ ಹತ್ತಿರದ ನೆಂಟಸ್ತನ ಬೇಕಾ? ದೀಪಕ್ಕೆ ಹೋಗುವ ನಮ್ಮವರಲ್ಲಿ ನೂರಕ್ಕೆ ಐದು ಜನರಾದರೂ ಈ ತಿಥಿ ನೋಡಿದ್ದಾರೋ ಇಲ್ಲವೋ.

217 ಅಡಿಯ ರಾಜಗೋಪುರ ಕಟ್ಟಲು ಶುರು ಮಾಡಿಸಿದ್ದು, ಸಾವಿರ ಕಂಬದ ಮಂಟಪ ಕಟ್ಟಿಸಿದ್ದು ಕೃಷ್ಣದೇವರಾಯ. ಬೆಟ್ಟದ ಮೇಲೆ ರಮಣ ಮಹರ್ಷಿಗಳು ಎಷ್ಟೋ ವರ್ಷ ಇದ್ದ ವಿರೂಪಾಕ್ಷ ಗುಹೆಗೆ ಆ ಹೆಸರು ಬಂದದ್ದೂ ಕರ್ನಾಟಕದ ಕಡೆಯಿಂದ ಹೋಗಿ ನೆಲೆಸಿದರು ಎನ್ನುವ ವಿರೂಪಾಕ್ಷ ದೇವ ಎಂಬ ಸಂತರಿಂದ.

ಪ್ರಶ್ನೆ (ರಾಬರ್ಟ್‌ಸನ್‌ಪೇಟೆಯಿಂದ): ನಮ್ಮ ಮನೆಯಲ್ಲಿ ತಮಿಳು ಪದ್ಧತಿ. ಬಾಗಿಲಲ್ಲಿ ಹಣತೆ ಸಾಲು ಇಟ್ಟರೆ ಪಕ್ಕದ ಮನೆ ಆಂಟಿ, ‘ಇದೇನಮ್ಮಾ, ಕಾರ್ತಿಕ ಮುಗಿದ ಮೇಲೆ ದೀಪ?’ ಅಂತ ಪ್ರತಿ ವರ್ಷ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಏನೂ ಹೇಳಬೇಡಿ. ಚಿಂತಾಮಣಿಯವರಿಗೆ ಕೊಟ್ಟ ಉತ್ತರದ ಹಾಳೆ ಕತ್ತರಿಸಿ, ಅದರ ಮೇಲೆ ನೀವು ಅವತ್ತು ಮಾಡುವ ಬೆಲ್ಲದ ಪುರಿ ಉಂಡೆ ನಾಲ್ಕು ಇಟ್ಟು ಕಳಿಸಿ. ಪಾಕ ಮಾತ್ರ ಜಾಸ್ತಿ ಗಟ್ಟಿಯಾಗದ ಹಾಗೆ ನೋಡಿಕೊಳ್ಳಿ, ಆಂಟಿ ಹಲ್ಲು ಹೇಗಿವೆಯೋ ಏನೋ.