ಮೂರಡಿ ಬಾಗಿಲು

"ಕೈಯಲ್ಲಿ ಪ್ಲ್ಯಾನ್ ಇದೆ, ಆದರೂ ಜಗಳ ಯಾಕೆ? ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಮನೆ ಕಟ್ಟಿಸಿದರೆ ಹಾಗೇ ಆಗೋದು" ಅಂತ ಬೆಂಗಳೂರಲ್ಲಿ ಕೂತು ಕೇಳಿದೆಯಲ್ಲ ಮಾರಾಯ, ಕೇಳು.

ಕಾರವಾರದ ಹತ್ತಿರ, ಗೋವಾ ಗಡಿಯ ನಮ್ಮ ಮಾಜಾಳಿಯಲ್ಲಿ ಜಾಗ ಅಂದರೆ ಗುಂಟೆ, 1089 ಚದರ ಅಡಿ. ಗಡಿ ದಾಟಿ ಗೋವಾದ ಕಾಣಕೋಣಕ್ಕೆ ಹೋದರೆ ಎಲ್ಲ ಚದರ ಮೀಟರ್. ನಿಮ್ಮಲ್ಲಿ ಬರೀ ಚದರ ಅಂದರೆ ನೂರು ಚದರ ಅಡಿ. ನೀನು "ಅಪ್ಪ ಕಟ್ಟಿಸಿದ್ದು ಹನ್ನೆರಡು ಚದರ" ಅಂದಾಗ ಗೋವಾದ ಮಡಗಾಂವಿನಲ್ಲಿ ನೆಲೆಸಿದ ನಮ್ಮ ಮಾವ ಹನ್ನೆರಡು ಚದರ ಮೀಟರ್ ಅಂತ ತಿಳಿದು, "ಪಾಪ, ಒಂದೇ ಕೋಣೆ" ಅಂತ ಮರುಗಿದರು. ಇದೆಲ್ಲ ನಮಗೆ ರೂಢಿ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಾಂಬೆಗೆ ಸೇರಿಸಿದರು, 1956ರಲ್ಲಿ ಮೈಸೂರು ರಾಜ್ಯಕ್ಕೆ. ನಾವು ಇದ್ದಲ್ಲೇ ಇದ್ದೇವೆ.

ಗೋಳು ಬಾಗಿಲಿನದು.

ಎಂಜಿನಿಯರ್ ನಕ್ಷೆಯಲ್ಲಿ 'ಡಿ1, 900' ಅಂತ ಬರೆದಿದ್ದ. ಡಿ1 ಅಂದರೆ ಬಾಗಿಲು, 900 ಅಂದರೆ ಮಿಲಿಮೀಟರ್. ಅರ್ಧ ಇಂಚು ಆಚೀಚೆ, ಎಲ್ಲರೂ 'ಮೂರಡಿ ಬಾಗಿಲು' ಅಂತಲೇ ಓದಿದೆವು. ಆದರೆ ಮೂರಡಿ ಎಲ್ಲಿಂದ ಎಲ್ಲಿಗೆ? ಎಂಜಿನಿಯರಿಗೆ ಅದು ಗೋಡೆಯಲ್ಲಿ ಬಿಡುವ ಜಾಗ. ಚಿರೆಕಲ್ಲು ಕಟ್ಟುವ ಗವಂಡಿಗೂ ಅಷ್ಟೇ. ಬಡಿಗನಿಗೆ ಚೌಕಟ್ಟಿನ ಹೊರ ಅಂಚು. ನಮ್ಮ ಅಮ್ಮ, ಅಂದರೆ ಆಯಿಗೆ ಮಾತ್ರ ಬಾಗಿಲು ಅಂದರೆ ಸಾಮಾನು ಹಿಡಿದು ಒಳಗೆ ಹೋಗುವ ದಾರಿ. ಚೌಕಟ್ಟಿನ ಮರ ಆ ಕಡೆ ಮೂರು ಇಂಚು, ಈ ಕಡೆ ಮೂರು ಇಂಚು ತಿಂದ ಮೇಲೆ ಉಳಿದದ್ದು ಎರಡೂವರೆ ಅಡಿ. ಆಯಿಯ ಹಲಸಿನ ಮರದ ಪೆಟ್ಟಿಗೆ ಅಗಲ, ಎತ್ತರ ಎರಡೂ 33 ಇಂಚು. ಅಡ್ಡ ಹಾಕಿದೆವು, ಮಗುಚಿದೆವು, ಹೋಗಲಿಲ್ಲ. ಬಡಿಗನನ್ನು ಕರೆದರೆ ಟೇಪ್ ಹಿಡಿದು ತೋರಿಸಿದ. ಸರಿಯಾಗಿ ಮೂರಡಿ! ಅವನನ್ನು ಬೈಯೋದು ಹೇಗೆ?

ಭಾಷೆಯ ತಪ್ಪು ಅಂತೀಯಾ? ಎಂಜಿನಿಯರ್ ಹುಬ್ಬಳ್ಳಿಯವ, ಬಾಗಿಲಾ ಅಂದ. ಬಡಿಗ ಕೊಂಕಣಿಯಲ್ಲಿ ದಾರ್ ಅಂದ. ಇಬ್ಬರಿಗೂ ಅರ್ಥ ಆಯಿತು, ಎಡವಟ್ಟಾಗಿದ್ದೇ ಅಲ್ಲಿ. ಅರ್ಥ ಆಗದಿದ್ದರೆ ಒಬ್ಬನಾದರೂ ಇನ್ನೊಮ್ಮೆ ಕೇಳುತ್ತಿದ್ದ. ಅಡುಗೆ ಕಟ್ಟೆಯದೂ ಇದೇ ಕಥೆ, ಎತ್ತರ ಅಳೆಯೋದು ಟೈಲ್ಸ್ ಹಾಕುವ ಮೊದಲಿನ ನೆಲದಿಂದಲೋ ಆಮೇಲಿನದರಿಂದಲೋ ಅಂತ ಎರಡು ದಿನ ವಾದ ನಡೆಯಿತು.

ನಿಮ್ಮ ಕಡೆ ಇದೆಲ್ಲ ಇಲ್ವಾ? ಫ್ಲ್ಯಾಟ್ ಕೊಳ್ಳುವಾಗ ಸೂಪರ್ ಬಿಲ್ಟಪ್ (ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿದ ಅಳತೆ), ಕಾರ್ಪೆಟ್ (ಮನೆಯೊಳಗೆ ಬಳಸುವ ನೆಲದ ಅಳತೆ) ಅಂತ ಬಿಲ್ಡರ್ ಜೊತೆ ಗುದ್ದಾಡಿದವನು ನೀನೇ ತಾನೆ? ಕಾರ್ಪೆಟ್ ಏರಿಯಾ ಅಂದರೆ ಏನು ಅಂತ ಹೇಳೋಕೆ 2016ರಲ್ಲಿ ರೇರಾ ಅನ್ನೋ ರಿಯಲ್ ಎಸ್ಟೇಟ್ ಕಾಯ್ದೆಯೇ ಬರಬೇಕಾಯಿತು. ಅಲ್ಲಿ ಯಾರೂ ಕೊಂಕಣಿ ಮಾತಾಡಿರಲಿಲ್ಲ, ಅಲ್ವಾ? ಕಾರವಾರ ಅಂದ ಕೂಡಲೇ "ಗೋವಾದವರಾ?" ಅನ್ನೋದನ್ನು ಮೊದಲು ಬಿಡಿ. ಜಿಲ್ಲಾ ಕೇಂದ್ರ ಮಾರಾಯ ಅದು, ಉತ್ತರ ಕನ್ನಡದ್ದು.

ಈಗ ನಾನು ಬಾಯಲ್ಲಿ ಅಳತೆ ಹೇಳೋದಿಲ್ಲ. ಇದ್ದಿಲಿನಿಂದ ಗೋಡೆ ಮೇಲೆ ಇಲ್ಲಿಂದ ಇಲ್ಲಿಗೆ ಅಂತ ಗೆರೆ ಎಳೆದು, ಎಂಜಿನಿಯರ್, ಗವಂಡಿ, ಬಡಿಗ ಮೂವರನ್ನೂ ಎದುರು ನಿಲ್ಲಿಸಿ ತೋರಿಸುತ್ತೇನೆ. ಪೆಟ್ಟಿಗೆ ಇನ್ನೂ ಜಗಲಿಯಲ್ಲೇ ಇದೆ. ಹೋದ ಸಲ ಬಂದಾಗ "ಕಟ್ಟೆ ಚೆನ್ನಾಗಿದೆ" ಅಂತ ಚಹಾ ಕುಡಿದೆಯಲ್ಲ, ನೀನು ಕೂತಿದ್ದು ಅದರ ಮೇಲೇ.